ಡಿಎಂಎಲ್‌ಟಿ ಮುಗಿದಿದೆ: ಬಾಗಲಕೋಟೆಯಲ್ಲೇ ದವಾಖಾನೆಯ ಲ್ಯಾಬಿಗೆ ಸೇರಲೇ, ಬೆಂಗಳೂರಿಗೆ ಹೋಗಲೇ?

ಲ್ಯಾಬ್ ತಂತ್ರಜ್ಞರ ಈ ಡಿಪ್ಲೊಮಾ ಕೈಗೆ ಬಂದ ವರ್ಷ ಇದೇ ಪ್ರಶ್ನೆಯನ್ನು ನಾನೂ ಕಂಡಕಂಡವರನ್ನೆಲ್ಲ ಕೇಳಿದ್ದೆ. ಹೊರರೋಗಿಗಳ ಚಿಕಿತ್ಸೆಯಲ್ಲಿ ಕೆಲಸಗಳು ಹೆಚ್ಚುತ್ತಿವೆ ಎಂದು ನೀವು ಬರೆದಿರುವುದು ನಿಜ. ಆದರೆ ಮೊದಲು ಊರನ್ನು ಆರಿಸಿಕೊಳ್ಳಬೇಕು ಎಂಬ ನಿಮ್ಮ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ.

ನಾನು ಸೇರಿದ್ದು ನವನಗರದ ಒಂದು ದವಾಖಾನೆಯ ಪಕ್ಕದ ಕೋಣೆಯಲ್ಲಿದ್ದ ಲ್ಯಾಬಿಗೆ. ಡಾಕ್ಟರರು, ಒಬ್ಬ ಸಿಸ್ಟರ್, ಚೀಟಿ ಬರೆಯುವವರು, ಔಷಧಿ ಅಂಗಡಿಯ ಹುಡುಗ ಮತ್ತು ನಾನು, ಇಷ್ಟೇ ಜನ. ಬೀಳಗಿ, ಹುನಗುಂದದ ಕಡೆಯಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದ ಸಕ್ಕರೆ ಕಾಯಿಲೆಯವರು ರಕ್ತ ಕೊಟ್ಟು, ನಾಷ್ಟಾ ಮಾಡಿ, ಎರಡು ತಾಸಿಗೆ ಸರಿಯಾಗಿ ಮತ್ತೆ ತೋಳು ಚಾಚಿ ಕೂಡುತ್ತಿದ್ದರು. ಆಯುಷ್ಮಾನ್ ಯೋಜನೆಯ ನೆರವು ದಾಖಲಾದವರ ಚಿಕಿತ್ಸೆಗೆ ಸಿಗುತ್ತದೆಯೇ ಹೊರತು ಇಂತಹ ತಪಾಸಣೆಗಳಿಗೆ ಸಿಗುವುದಿಲ್ಲವಾದ್ದರಿಂದ ಎಲ್ಲವೂ ರೋಗಿಯ ಕಿಸೆಯಿಂದಲೇ ಬರಬೇಕಿತ್ತು. ಕಬ್ಬಿನ ಬಿಲ್ಲು ಕೈಸೇರಿದ ತಿಂಗಳಲ್ಲಿ ನಮ್ಮ ಲ್ಯಾಬಿನಲ್ಲಿ ಥೈರಾಯ್ಡ್ ತಪಾಸಣೆಗಳು ಏರುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಕೆಲಸ ಚೆನ್ನಾಗಿ ಕಲಿತೆ. ತಪ್ಪಿದ್ದು ಒಂದೇ: ನೇಮಕಾತಿ ಪತ್ರ ಕೇಳಲಿಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಕೇಳಲಾರಿರಿ. ಡಾಕ್ಟರರು ನನ್ನನ್ನು 'ನಮ್ಮ ಮನೀ ಹುಡುಗ' ಎನ್ನುತ್ತಿದ್ದರು. ಮನೆಯ ಹುಡುಗ ಕಾಗದ ಕೇಳಿದರೆ ಅಪನಂಬಿಕೆಯಾದೀತು ಎಂದು ಹಿಂಜರಿದೆ. ಪಗಾರ ಲಕೋಟೆಯಲ್ಲಿ ನಗದಾಗಿ ಬರುತ್ತಿತ್ತು, ಅದೂ ಅನುಕೂಲವೆಂದೇ ತಿಳಿದಿದ್ದೆ. ಮುಂದೆ ಸರ್ಕಾರದ ಗುತ್ತಿಗೆ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಾಗ ಅನುಭವಕ್ಕೆ ಅಂಕಗಳಿದ್ದವು. ಡಾಕ್ಟರರು ತಮ್ಮ ಲೆಟರ್‌ಹೆಡ್ಡಿನಲ್ಲಿ ಪ್ರಮಾಣಪತ್ರವನ್ನು ಪ್ರೀತಿಯಿಂದಲೇ ಬರೆದುಕೊಟ್ಟರು. ದಾಖಲೆ ಪರಿಶೀಲಿಸಿದವರು ಅದನ್ನು ಪಕ್ಕಕ್ಕಿಟ್ಟು, ನೇಮಕಾತಿ ಆದೇಶ ಎಲ್ಲಿ, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ ಎಲ್ಲಿ, ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ) ಕಡತದಲ್ಲಿ ಸಿಬ್ಬಂದಿಯೆಂದು ನಿಮ್ಮ ಹೆಸರಿದೆಯೇ ಎಂದು ಕೇಳಿದರು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ದವಾಖಾನೆ, ಲ್ಯಾಬುಗಳೆಲ್ಲ ನೋಂದಣಿಯಾಗಬೇಕು. ನಮ್ಮ ಲ್ಯಾಬಿನ ಕಡತದಲ್ಲಿ ತಂತ್ರಜ್ಞರೆಂದು ಇದ್ದದ್ದು, ನಾನು ಸೇರುವ ಮೊದಲೇ ಬಿಟ್ಟುಹೋದ ಇನ್ನಾರದೋ ಪ್ರಮಾಣಪತ್ರ. ಹಗಲಿರುಳು ನಾನು ಮಾಡಿದ ಸಿಬಿಸಿಗಳೆಲ್ಲ (ರಕ್ತಕಣ ಎಣಿಕೆಯ ತಪಾಸಣೆಗಳು) ಕಾಗದದ ಮೇಲೆ ಆ ಪುಣ್ಯಾತ್ಮರ ಖಾತೆಗೇ ಸೇರಿದ್ದವು. ಸೊನ್ನೆ ಅನುಭವದವನೆಂದು ಹೊರಬಿದ್ದೆ. ಬೆಳಗಾವಿಯಲ್ಲಿ ಹೊಸಬರ ಪಗಾರಕ್ಕೇ ಮತ್ತೆ ಮೊದಲಿನಿಂದ ಶುರುಮಾಡಿದೆ.

ಇದು ನನ್ನೊಬ್ಬನ ಪೆದ್ದುತನವಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೊರರೋಗಿ ವಲಯದ ಕೆಲಸಗಳು ಹೆಚ್ಚುತ್ತಿರುವುದೇ ಇಂತಹ ನಾಲ್ಕೈದು ಜನರ ಸಂಸ್ಥೆಗಳಲ್ಲಿ. ಭವಿಷ್ಯ ನಿಧಿ ಕಡ್ಡಾಯವಾಗುವುದು 20 ಜನರಿದ್ದಾಗ, ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ 10 ಜನರಿದ್ದಾಗ. ಚಿಕ್ಕ ದವಾಖಾನೆ ಎರಡಕ್ಕೂ ಸಿಗದು, ಹಾಗಾಗಿ ಅಲ್ಲಿ ದುಡಿದವರ ಹೆಸರು ಆ ದಾಖಲೆಗಳಲ್ಲೂ ಇರುವುದಿಲ್ಲ. ಬೆಂಗಳೂರಿನ ಬಡಾವಣೆಯ ಕ್ಲಿನಿಕ್ಕಿಗೂ ಇದೇ ಮಾತು ಅನ್ವಯಿಸುತ್ತದೆ, ಅಲ್ಲಿ ಬಾಡಿಗೆ ಬೇರೆ ಕಟ್ಟಬೇಕು. ಸರ್ಕಾರಿ ಕಡೆಯಲ್ಲಿ 2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಆರಂಭವಾದ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಕ್ಲಿನಿಕ್‌ಗಳಲ್ಲಿ ವೈದ್ಯರು, ಶುಶ್ರೂಷಕರ ಜೊತೆಗೆ ಲ್ಯಾಬ್ ತಂತ್ರಜ್ಞರ ಹುದ್ದೆಯೂ ಉಂಟು. ಅದು ಗುತ್ತಿಗೆಯೇ ಆದರೂ ಹೆಸರು ದಾಖಲೆಯಲ್ಲಿರುತ್ತದೆ. ಅಷ್ಟಕ್ಕೇ ನಾನು ಅದನ್ನು ಮೇಲೆಂದು ಎಣಿಸುತ್ತೇನೆ.

ದೊಡ್ಡ ಲ್ಯಾಬುಗಳ ಕಲೆಕ್ಷನ್ ಸೆಂಟರ್‌ಗಳು ಈಗ ತಾಲ್ಲೂಕು ಊರುಗಳಲ್ಲೂ ತೆರೆದಿವೆ, ಕೆಲಸ ಬೇಗ ಸಿಗುವುದೂ ಅಲ್ಲೇ. ಅಲ್ಲಿ ನೀವು ರಕ್ತ ತೆಗೆದು, ನೇರಳೆ ಮುಚ್ಚಳದ ಟ್ಯೂಬಿಗೆ ಬಾರ್‌ಕೋಡ್ ಅಂಟಿಸಿ, ಐಸ್ ಪ್ಯಾಕಿನ ಡಬ್ಬಿಯಲ್ಲಿಟ್ಟು ಸಂಜೆಯ ಬಸ್ಸಿಗೆ ಕೊಡುತ್ತೀರಿ. ವರದಿ ಮರುದಿನ ಮೊಬೈಲಿಗೆ ಬರುತ್ತದೆ. ಯಂತ್ರವನ್ನು ಮುಟ್ಟದೆ ಕೈ ಕೆಲಸ ಮರೆತುಹೋಗುತ್ತದೆ. ಬಹಳ ದಿನ ಅಲ್ಲಿ ನಿಲ್ಲಬೇಡಿ.

ಈಗ ನಾನಿರುವ ಕೇಂದ್ರದಲ್ಲಿ ಹೊಸಬರ ಕಾಗದಪತ್ರ ನೋಡುವ ಕೆಲಸವೂ ನನ್ನ ಪಾಲಿಗಿದೆ. ಒಳ್ಳೆಯ ಕೈಯುಳ್ಳವರನ್ನೂ ಹೊಸಬರ ಪಟ್ಟಿಗೆ ಹಾಕಬೇಕಾದಾಗ ಸಂಕಟವಾಗುತ್ತದೆ. ಆದ್ದರಿಂದ ಪಗಾರ ಮಾತಾಡುವ ದಿನವೇ ನೇಮಕಾತಿ ಪತ್ರ ಮತ್ತು ಬ್ಯಾಂಕ್ ಮೂಲಕ ಸಂಬಳ ಕೇಳಿ, ಕೆಪಿಎಂಇ ಅರ್ಜಿಯಲ್ಲಿ ನಿಮ್ಮ ಹೆಸರು ಹಾಕುವರೇ ಎಂದು ವಿಚಾರಿಸಿ. ಲ್ಯಾಬ್ ತಂತ್ರಜ್ಞರಂತಹ ಸಹಆರೋಗ್ಯ ವೃತ್ತಿಯವರ ನೋಂದಣಿಗೆ 2021ರಲ್ಲಿ ಕೇಂದ್ರದ ಕಾಯ್ದೆಯೇ ಬಂದಿರುವುದರಿಂದ ನಿಮ್ಮ ಮೂಲ ಪ್ರಮಾಣಪತ್ರಗಳನ್ನು ಯಾವ ಮಾಲೀಕರ ಕಪಾಟಿನಲ್ಲೂ ಬಿಡಬೇಡಿ. ಇಷ್ಟನ್ನು ಬಾಗಲಕೋಟೆಯವರು ಒಪ್ಪಿದರೆ ಪಗಾರ ಎರಡು ಸಾವಿರ ಕಡಿಮೆಯಾದರೂ ಅಲ್ಲೇ ಸೇರಿ. ಮನೆಯ ಊಟ ಇದ್ದೇ ಇದೆ.