ವಿಶ್ವಬ್ಯಾಂಕ್, ಪೀಸಾ, ವಿದೇಶಿ ಕ್ಯಾಂಪಸ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ವರ್ಷಕ್ಕೆ ಮೂರು ಸಲ ಪ್ಯಾಟ್ (ಮಕ್ಕಳ ಕಲಿಕೆಯನ್ನು ಆಗಾಗ ಅಳೆಯುವ) ಪರೀಕ್ಷೆ, ಆಮೇಲೆ ಪ್ರತಿ ಮಗುವಿನ ಅಂಕವನ್ನು ಚಾಟ್‌ಬಾಟ್‌ಗೆ ತುಂಬುವ ಕೆಲಸ. ಯಾಕೆಂದು ಕೇಳಿದರೆ ‘ವಿಶ್ವಬ್ಯಾಂಕ್ ಹೇಳಿದೆ’ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಪ್ಯಾಟ್ ಶುರುವಾದದ್ದು ಶಾಲಾ ಕಲಿಕೆ ಸುಧಾರಿಸುವ ಕೇಂದ್ರದ ‘ಸ್ಟಾರ್ಸ್’ ಯೋಜನೆಯಡಿ. 2020ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಇದಕ್ಕೆ 50 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು, ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಒಟ್ಟು ವೆಚ್ಚ 5,718 ಕೋಟಿ ರೂಪಾಯಿ. ಆರಿಸಿಕೊಂಡ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಒಂದು; ಕರ್ನಾಟಕವೂ ಗೋವಾವೂ ಅದರಲ್ಲಿಲ್ಲ.

ಈ ಸಾಲದ ಕಂತು ತಾನಾಗಿ ಬರುತ್ತಿರಲಿಲ್ಲ. ಮೊದಲೇ ಒಪ್ಪಿಕೊಂಡ ಸೂಚಕಗಳನ್ನು ಮುಟ್ಟಿದ್ದೇವೆ ಎಂದು ಸ್ವತಂತ್ರ ಸಂಸ್ಥೆಯೊಂದು ಪರಿಶೀಲಿಸಿ ಹೇಳಿದ ಮೇಲೆ ಬರುತ್ತಿತ್ತು. 1994ರ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಹಾಗಿರಲಿಲ್ಲ. ಅಂದು ಯೋಜನಾ ವೆಚ್ಚದ ಶೇ. 85 ಕೇಂದ್ರದ್ದು, ಶೇ. 15 ರಾಜ್ಯದ್ದು, ಕೇಂದ್ರದ ಪಾಲಿಗೆ ವಿಶ್ವಬ್ಯಾಂಕ್, ಯುರೋಪಿನ ಒಕ್ಕೂಟ, ಬ್ರಿಟನ್ ಎಲ್ಲ ಹಣ ಕೂಡಿಸಿದ್ದವು. ಕರ್ನಾಟಕದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಮೊದಲ ಹಂತದಲ್ಲೇ ಸೇರಿದ್ದವು. ಆಗ ಕೇಳುತ್ತಿದ್ದುದು ಕೋಣೆ ಎಷ್ಟು ಕಟ್ಟಿದಿರಿ, ದಾಖಲಾತಿ ಎಷ್ಟಾಯಿತು ಎಂದು. ಈಗ ಕೇಳುವುದು ಮಗು ಓದಬಲ್ಲದೇ ಎಂದು. ಈ ಪ್ರಶ್ನೆ ಸರಿಯಾದದ್ದೇ ಎಂದು ನಮ್ಮ ಅಭಿಪ್ರಾಯ.

ಆದರೆ ಪರೀಕ್ಷೆ ಮೂರೇ ಆಗಬೇಕು, ಅಂಕ ಚಾಟ್‌ಬಾಟ್‌ನಲ್ಲೇ ಹೋಗಬೇಕು ಎಂಬುದು ಸಾಲದ ಸೂತ್ರದಿಂದ ಹುಟ್ಟಿದ್ದಲ್ಲ. ಅದು ರಾಜ್ಯದ ಆಯ್ಕೆ. ಪ್ಯಾಟ್ ನಡೆಸುವುದು ಪುಣೆಯ ಎಸ್‌ಸಿಇಆರ್‌ಟಿ, ಅಂದರೆ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು. ನಿಮ್ಮ ಅಹವಾಲಿಗೆ ವಿಳಾಸ ವಾಷಿಂಗ್ಟನ್ ಅಲ್ಲ, ಪುಣೆ.

ಎಡವುವುದು ಎಲ್ಲಿ? ಸಂಖ್ಯೆಗೂ ಹಣಕ್ಕೂ ಗಂಟು ಬಿದ್ದ ಮೇಲೆ ಸರಪಳಿಯ ಪ್ರತಿ ಕೊಂಡಿಗೂ ಸಂಖ್ಯೆ ಚೆನ್ನಾಗಿ ಕಾಣಲಿ ಎಂಬ ಆಸೆ ಹುಟ್ಟುತ್ತದೆ. ಹಿಂದುಳಿದ ಮಗುವನ್ನು ಹುಡುಕಲೆಂದು ಇಟ್ಟ ಪರೀಕ್ಷೆಯಲ್ಲಿ ಆ ಮಗುವೇ ಮರೆಯಾಗುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಮಗು ನಿಮಿಷಕ್ಕೆ ಎಷ್ಟು ಪದ ಓದುತ್ತದೆ ಎಂಬ ಅಳತೆ ಜಗತ್ತಿಡೀ ಹರಡಿದ್ದು 2006ರಿಂದ, ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಹಣದಲ್ಲಿ ರೂಪುಗೊಂಡ ‘ಎಗ್ರಾ’ ಪರೀಕ್ಷೆಯ ಮೂಲಕ. ಬುನಾದಿ ಕಲಿಕೆಗೆಂದು ಕೇಂದ್ರ ರೂಪಿಸಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯೂ ಅದೇ ಮಾದರಿಯದು: ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕು. ವಿಭಕ್ತಿ, ಸಂಧಿ, ಒತ್ತಕ್ಷರಗಳಿಂದ ಉದ್ದವಾಗುವ ಕನ್ನಡದ ಪದವನ್ನೂ ಹಿಂದಿಯ ಸಣ್ಣ ಪದವನ್ನೂ ಒಂದೇ ಎಂದು ಎಣಿಸಿದರೆ ಕನ್ನಡದ ಮಗು ನಿಧಾನ ಎಂದೇ ಕಾಣುತ್ತದೆ. ಇದನ್ನು ಅರಿತೇ ಎನ್‌ಸಿಇಆರ್‌ಟಿಯ 2022ರ ಬುನಾದಿ ಕಲಿಕಾ ಅಧ್ಯಯನ 20 ಭಾಷೆಗಳಿಗೆ ಬೇರೆಬೇರೆ ಮಾನದಂಡ ಗೊತ್ತುಪಡಿಸಿತು. ನಿಮ್ಮ ಶಾಲೆಯಲ್ಲಿ ಹಿಂದಿಯ ಅಥವಾ ಮರಾಠಿಯ ಸಂಖ್ಯೆ ಹಿಡಿದು ಕನ್ನಡದ ಮಕ್ಕಳನ್ನು ಅಳೆಯುತ್ತಿದ್ದರೆ, ಆ ವರದಿಯ ಕನ್ನಡದ ಮಾನದಂಡ ತೋರಿಸಿ ತಕರಾರು ಮಾಡಿ.

ಪ್ರಶ್ನೆಪತ್ರಿಕೆಯ ವಿಷಯದಲ್ಲೂ ಹಾಗೆಯೇ. ಗಣಿತದ ಮಾತಿನ ಲೆಕ್ಕದಲ್ಲಿ ಅನುವಾದ ತೊಡರಿದ್ದರೆ ಮಗು ತಪ್ಪುವುದು ಲೆಕ್ಕದಲ್ಲಲ್ಲ, ವಾಕ್ಯದಲ್ಲಿ. ಒಂದು ಉಪಾಯವಿದೆ: ಹೆಚ್ಚು ಮಕ್ಕಳು ತಪ್ಪಿದ ಲೆಕ್ಕವನ್ನು ಮರುದಿನ ಬಾಯಿಮಾತಿನಲ್ಲಿ ಕೇಳಿ. ಆಗ ಬಹುಪಾಲು ಮಕ್ಕಳು ಸರಿ ಹೇಳಿದರೆ ದೋಷ ಪ್ರಶ್ನೆಯದು. ತರಗತಿ, ಪ್ರಶ್ನೆ ಸಂಖ್ಯೆ, ಮುದ್ರಿತ ವಾಕ್ಯ, ನಿಮ್ಮ ತಿದ್ದುಪಡಿ, ಬರೆದು ಮತ್ತು ಬಾಯಲ್ಲಿ ಸರಿ ಹೇಳಿದವರ ಲೆಕ್ಕ, ಇವನ್ನು ಒಂದು ಪುಟದಲ್ಲಿ ಬರೆದು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕಳಿಸಿ. ನಾಲ್ಕಾರು ಕನ್ನಡ ಶಾಲೆಗಳು ಸೇರಿ ಕಳಿಸಿದರೆ ಬೆಲೆ ಹೆಚ್ಚು.

ಪ್ರಶ್ನೆ: ಪೀಸಾ ಪರೀಕ್ಷೆಯಲ್ಲಿ ಭಾರತ ಯಾಕೆ ಇಲ್ಲ? ಅದರಲ್ಲಿ ಹಿಂದೆ ಬಿದ್ದ ದೇಶಗಳು ನಿಜಕ್ಕೂ ನೀತಿ ಬದಲಿಸಿದವೇ? — ಪುಣೆಯ ಪೋಷಕರು

ಒಮ್ಮೆ ಇತ್ತು. 2000ರಲ್ಲಿ ಶುರುವಾದ ಪೀಸಾ, 15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನವನ್ನು ಅಳೆಯುತ್ತದೆ, ನಡೆಸುವುದು ಒಇಸಿಡಿ, ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ. 2009ರ ಸುತ್ತಿನ ವಿಸ್ತರಣೆಯಲ್ಲಿ ತಮಿಳುನಾಡು, ಹಿಮಾಚಲ ಪ್ರದೇಶ ಭಾಗವಹಿಸಿದವು. ಓದಿನಲ್ಲಿ ತಮಿಳುನಾಡಿಗೆ 337, ಹಿಮಾಚಲಕ್ಕೆ 317. ಒಇಸಿಡಿ ಸರಾಸರಿ 493. ಅವುಗಳ ಕೆಳಗಿದ್ದದ್ದು ಕಿರ್ಗಿಸ್ತಾನ ಮಾತ್ರ. ಪ್ರಶ್ನೆಗಳು ನಮ್ಮ ಮಕ್ಕಳ ಸಂದರ್ಭಕ್ಕೆ ಹೊಂದುವುದಿಲ್ಲ ಎಂದು ಸರ್ಕಾರ ಹಿಂದೆ ಸರಿಯಿತು. ಮುಂದೆ ಚಂಡೀಗಢ, ಕೇಂದ್ರೀಯ ವಿದ್ಯಾಲಯ ಮತ್ತು ನವೋದಯಗಳೊಂದಿಗೆ ಮರಳುವ ಒಪ್ಪಂದವಾಯಿತು, ಆದರೆ 2022ರ ಸುತ್ತಿನಲ್ಲೂ ಭಾರತ ಕೂರಲಿಲ್ಲ.

ಸಂದರ್ಭದ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಷ್ಟು ದೊಡ್ಡ ಅಂತರವನ್ನು ಅದೊಂದೇ ವಿವರಿಸಲಾರದು. 2012ರಲ್ಲಿ ವಿಯೆಟ್ನಾಂನಂತಹ ಬಡ ದೇಶ ಗಣಿತದಲ್ಲಿ 511 ಪಡೆದು ಶ್ರೀಮಂತ ದೇಶಗಳ ಸರಾಸರಿಯನ್ನೇ ದಾಟಿತು. ಅಲ್ಲಿಯೂ ಒಂದು ಎಚ್ಚರ ಬೇಕು: 15ನೇ ವಯಸ್ಸಿಗೆ ಮೊದಲೇ ಶಾಲೆ ಬಿಟ್ಟ ಮಕ್ಕಳು ಪೀಸಾದ ಲೆಕ್ಕಕ್ಕೆ ಬರುವುದೇ ಇಲ್ಲ.

ನೀತಿ ಬದಲಾದದ್ದಕ್ಕೆ ಜರ್ಮನಿ ಒಳ್ಳೆಯ ಉದಾಹರಣೆ. 2001ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂದಾಗ ಓದಿನಲ್ಲಿ 484, ಸರಾಸರಿಗಿಂತ ಕೆಳಗೆ; ಬಡ ಮತ್ತು ವಲಸಿಗ ಮಕ್ಕಳ ಹಿನ್ನಡೆಯಂತೂ ಎದ್ದುಕಂಡಿತು. ಶಿಕ್ಷಣವನ್ನು ತಮ್ಮ ಹಕ್ಕೆಂದು ಬಿಗಿಹಿಡಿದಿದ್ದ 16 ರಾಜ್ಯಗಳು 2003-04ರಲ್ಲಿ ಸಮಾನ ಕಲಿಕಾ ಮಟ್ಟ ಒಪ್ಪಿಕೊಂಡವು. ಇಡೀ ದಿನದ ಶಾಲೆಗಳಿಗೆ ಕೇಂದ್ರ 400 ಕೋಟಿ ಯೂರೊ ಕೊಟ್ಟಿತು. ಆದರೆ ನಾಲ್ಕನೇ ತರಗತಿಯ ನಂತರವೇ ಮಕ್ಕಳನ್ನು ಬೇರೆಬೇರೆ ಬಗೆಯ ಶಾಲೆಗೆ ವಿಂಗಡಿಸುವ ಪದ್ಧತಿಯನ್ನು ಬಹುತೇಕ ರಾಜ್ಯಗಳು ಬಿಡಲಿಲ್ಲ, ಅಸಮಾನತೆಗೆ ಅದೂ ಕಾರಣ ಎಂದು ಸಂಶೋಧಕರು ಹೇಳುತ್ತಿದ್ದರೂ. ಜಪಾನ್ 2003ರ ಸುತ್ತಿನ ಬಳಿಕ ಹಗುರ ಪಠ್ಯಕ್ರಮದಿಂದ ಹಿಂದೆ ಸರಿದು ಬೋಧನೆಯ ಗಂಟೆ ಹೆಚ್ಚಿಸಿತು. ಅಂಕಪಟ್ಟಿ ಚರ್ಚೆಗೆ ಬಾಗಿಲು ತೆರೆಯುತ್ತದೆ. ಮೊದಲೇ ಬೇಕೆಂದುಕೊಂಡಿದ್ದ ಬದಲಾವಣೆಗಳನ್ನು ಆಯಾ ದೇಶದ ರಾಜಕಾರಣವೇ ಒಳಗೆ ತರುತ್ತದೆ.

ಪ್ರಶ್ನೆ: ನವಿ ಮುಂಬೈಯಲ್ಲಿ ವಿದೇಶಿ ವಿಶ್ವವಿದ್ಯಾಲಯಗಳು ಬರುತ್ತಿವೆ. ಮಗಳನ್ನು ಸೇರಿಸುವ ಮೊದಲು ಏನು ನೋಡಬೇಕು? — ಡೊಂಬಿವಲಿಯ ಓದುಗರು

ದಾರಿ ಎರಡು; ಜಾಹೀರಾತುಗಳಲ್ಲಿ ಅವು ಕಲಸಿಹೋಗುತ್ತವೆ. ಮೊದಲನೆಯದು ವಿದೇಶಿ ವಿಶ್ವವಿದ್ಯಾಲಯದ ಸ್ವಂತ ಕ್ಯಾಂಪಸ್, ಯುಜಿಸಿಯ 2023ರ ನಿಯಮದಡಿ. ಆ ಪದವಿ ಮೂಲ ದೇಶದ ಪದವಿಗೆ ಸಮ, ಬೇರೆ ಸಮಾನತಾ ಪತ್ರ ಬೇಡ. ಶುಲ್ಕ, ಪ್ರವೇಶದ ಮಾನದಂಡ ಎರಡನ್ನೂ ಅವರೇ ನಿರ್ಧರಿಸುತ್ತಾರೆ. ಆಶಯಪತ್ರ (ಲೆಟರ್ ಆಫ್ ಇಂಟೆಂಟ್) ಸಿಕ್ಕ ಸುದ್ದಿ ನಂಬಿ ಮುಂಗಡ ಕಟ್ಟಬೇಡಿ. ತರಗತಿ ಆರಂಭಿಸಲು ಯುಜಿಸಿ ಕೊಟ್ಟ ಅಧಿಸೂಚನೆಯ ಪ್ರತಿ ಕೇಳಿ. ‘ಸ್ಟಡಿ ಸೆಂಟರ್’, ‘ಫ್ರಾಂಚೈಸಿ’ ಎಂದರೆ ಎದ್ದು ಬನ್ನಿ, ಅವಕ್ಕೆ ನಿಯಮದಲ್ಲಿ ಅನುಮತಿಯೇ ಇಲ್ಲ.

ಎರಡನೆಯದು ಯುಜಿಸಿಯ 2022ರ ನಿಯಮದಡಿ ಭಾರತದ ಮತ್ತು ವಿದೇಶದ ಸಂಸ್ಥೆಗಳ ಸಹಯೋಗ. ಟ್ವಿನಿಂಗ್ ಆದರೆ ವಿದೇಶದಲ್ಲಿ ಗಳಿಸುವ ಕ್ರೆಡಿಟ್ (ಕಲಿಕೆಯ ಗಂಟೆಗಳ ಅಳತೆ) ಶೇ. 30 ಮೀರಬಾರದು, ಪದವಿ ಕೊಡುವುದು ಭಾರತದ ಸಂಸ್ಥೆ. ಜಂಟಿ ಪದವಿಗೆ ಎರಡೂ ಕಡೆ ಕನಿಷ್ಠ ಶೇ. 30. ಡ್ಯುಯಲ್ ಪದವಿಗೆ ಭಾರತದಲ್ಲಿ ಕನಿಷ್ಠ ಶೇ. 30, ಪದವಿಪತ್ರ ಎರಡು. ಯಾವುದೆಂದು ಪ್ರವೇಶಪತ್ರದಲ್ಲೇ ಬರೆಸಿಕೊಳ್ಳಿ.

ಮುಂದೆ ಯುರೋಪಿಗೆ ಹೋಗುವ ಯೋಚನೆಯಿದ್ದರೆ ಕ್ರೆಡಿಟ್ ಲೆಕ್ಕದ ಬಗ್ಗೆಯೂ ಎಚ್ಚರ ಬೇಕು. ಯುರೋಪಿನಲ್ಲಿ ವರ್ಷಕ್ಕೆ 60, ನಮ್ಮಲ್ಲಿ 40. ಮೂರು ವರ್ಷಕ್ಕೆ ಅಲ್ಲಿ 180, ಇಲ್ಲಿ 120 ಎಂದು ಕಾಣುತ್ತದೆ; ಕ್ರೆಡಿಟ್‌ನ ಅಳತೆ ಎರಡೂ ಕಡೆ ಒಂದೇ ಅಲ್ಲ, ಬರಿಯ ಸಂಖ್ಯೆಯನ್ನು ಹೋಲಿಸಬೇಡಿ. ನಮ್ಮ ಒಂದು ಕ್ರೆಡಿಟ್ ಎಂದರೆ 30 ಗಂಟೆ, ವರ್ಷಕ್ಕೆ 1,200 ಗಂಟೆ ಎಂಬ ಟಿಪ್ಪಣಿಯನ್ನು ಅಂಕಪಟ್ಟಿಯ ಜೊತೆ ವಿಶ್ವವಿದ್ಯಾಲಯದಿಂದಲೇ ಪಡೆದುಕೊಳ್ಳಿ.

ಪ್ರಶ್ನೆ: ತಾಯ್ನುಡಿಯಲ್ಲಿ ಕಲಿಸಿ ಎಂದು ಯುನೆಸ್ಕೊ ಹೇಳುತ್ತದೆ. ಸರ್ಕಾರ ಕೇಳುವುದಿಲ್ಲವೇಕೆ? ನಮ್ಮ ಕಡೆ ಕನ್ನಡದ ಮಕ್ಕಳಿದ್ದಾರೆ, ಏನು ಕೇಳಬಹುದು? — ವಾಸ್ಕೊ, ಗೋವಾ

ಯುನೆಸ್ಕೊ 1953ರಿಂದ ಹೇಳುತ್ತಿದೆ, 2021ರಲ್ಲಿ ವಿಶ್ವಬ್ಯಾಂಕೂ ಅದನ್ನೇ ಹೇಳಿತು. ಅದು ಸಲಹೆ, ಕಟ್ಟಳೆಯಲ್ಲ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತಿದೆ, 2020ರ ನೀತಿಯಲ್ಲೂ ‘ಸಾಧ್ಯವಿರುವ ಕಡೆ’ ಎಂದೇ ಇದೆ. ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟ್, ಪ್ರಾಥಮಿಕ ಶಾಲೆಯ ಮೇಲೆ ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಇನ್ನೊಂದೆಡೆ ಇಂಗ್ಲಿಷ್ ಬಂದರೆ ಕೆಲಸ ಎಂಬ ನಂಬಿಕೆಯಿದೆ. ಅದೂ ಜಾಗತಿಕ ಒತ್ತಡವೇ, ಆದರೆ ಬರುವುದು ಮತದಾರರ ಮೂಲಕ. ಗೋವಾ ಸರ್ಕಾರ 2011ರಲ್ಲಿ ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೂ ಅನುದಾನ ಚಾಚಿದ್ದು ಆ ಒತ್ತಡದಲ್ಲೇ.

ನಿಮ್ಮ ಕೈಯಲ್ಲಿರುವುದು ಸಂವಿಧಾನದ 350ಎ ವಿಧಿ: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ರಾಜ್ಯ ಅನುಕೂಲ ಒದಗಿಸಲು ಯತ್ನಿಸಬೇಕು. ಎಷ್ಟು ಮಕ್ಕಳಿರಬೇಕು ಎಂಬುದಕ್ಕೆ 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ ಸೂತ್ರವಿದೆ: ಇಡೀ ಶಾಲೆಯಲ್ಲಿ 40, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. ಇದು ಕಾಯ್ದೆಯಲ್ಲ, ಆದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ತಮ್ಮ ವರದಿಗಳಲ್ಲಿ ಹಿಡಿದು ಕೇಳುತ್ತ ಬಂದಿರುವ ಸೂತ್ರ.

ಅರ್ಜಿಗಳು ಬಿದ್ದುಹೋಗುವುದು ಸಂಖ್ಯೆಯನ್ನು ಶಾಲಾವಾರು ತೋರಿಸದೆ ‘ಬಡಾವಣೆಯಲ್ಲಿ ಬಹಳ ಕನ್ನಡಿಗರಿದ್ದಾರೆ’ ಎಂದು ಬರೆದಾಗ. ದಾಖಲಾತಿ ಆರಂಭಕ್ಕೆ ಮೊದಲೇ ಒಂದೇ ಸರ್ಕಾರಿ ಶಾಲೆಯನ್ನು ಹೆಸರಿಸಿ, ಮಗುವಿನ ಹೆಸರು, ವಯಸ್ಸು, ತರಗತಿ, ಪೋಷಕರ ಸಹಿ ಇರುವ ಪಟ್ಟಿ ಮಾಡಿ. ಕೇಳುವುದು ಕನ್ನಡ ಮಾಧ್ಯಮವನ್ನೋ ಒಂದು ವಿಷಯವಾಗಿ ಕನ್ನಡವನ್ನೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಪರ್ವರಿಯ ಶಿಕ್ಷಣ ನಿರ್ದೇಶನಾಲಯಕ್ಕೆ ಸಲ್ಲಿಸಿ ಸ್ವೀಕೃತಿ ಮುದ್ರೆ ಪಡೆಯಿರಿ, ಒಂದು ಪ್ರತಿ ಆಯುಕ್ತರಿಗೆ ಹೋಗಲಿ. ಸಹಿ ಹಾಕಿದ ಪೋಷಕರು ದಾಖಲಾತಿಯ ವೇಳೆ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರೆ ಮುಂದಿನ ವರ್ಷದ ಅರ್ಜಿಯನ್ನು ಯಾರೂ ನಂಬುವುದಿಲ್ಲ. ಪಟ್ಟಿಯಲ್ಲಿ 40ರ ಬದಲು 50 ಖಚಿತ ಹೆಸರು ಇಟ್ಟುಕೊಳ್ಳಿ.