ಮೀಸೆ ನೋಡಿ, ಕಡ್ಡಿ ಎಣಿಸಿ: ಗಾಳದ ಮೀನಿನ ಪ್ರಶ್ನೋತ್ತರ

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಕೊರವ ಮೀನು ಸಿಗುತ್ತದೆ. ಕೆಲವರು ಅದನ್ನೇ ಹೂವಿನ ಮುರ್ಲ್ ಅನ್ನುತ್ತಾರೆ. ಎರಡೂ ಒಂದೇನಾ? ಚಿಕ್ಕದನ್ನು ಮರಿ ಅಂತ ಬಿಟ್ಟುಬಿಟ್ಟರೆ ಅದು ದೊಡ್ಡದಾಗುತ್ತದೆಯೇ? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಒಂದೇ ಅಲ್ಲ. ಎರಡಕ್ಕೂ ಹಾವಿನ ತಲೆ, ಎರಡೂ ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತವೆ. ಅದಕ್ಕೇ ಈ ಗೊಂದಲ. ಮೊದಲು ಬಾಲದ ಬುಡ ನೋಡಿ. ಅಲ್ಲಿ ಮೇಲ್ಭಾಗದಲ್ಲಿ ತಿಳಿ ಬಣ್ಣದ ಉಂಗುರ ಸುತ್ತಿದ ಕಪ್ಪು ಕಣ್ಣು (ಕಣ್ಣಿನಂಥ ಬೊಟ್ಟು) ಇದ್ದರೆ ಅದು ಹೂವಿನ ಮುರ್ಲ್, ವೈಜ್ಞಾನಿಕ ಹೆಸರಿನಲ್ಲಿ ಚನ್ನಾ ಮರುಲಿಯಸ್. ಮೈಮೇಲೆ ಮುತ್ತು ಚೆಲ್ಲಿದಂತೆ ಬಿಳಿ ಚುಕ್ಕೆಗಳೂ ಇರುತ್ತವೆ. ಕೊರವ, ಅಂದರೆ ಚನ್ನಾ ಸ್ಟ್ರಿಯೇಟಾಕ್ಕೆ ಬಾಲದಲ್ಲಿ ಆ ಕಣ್ಣಿಲ್ಲ. ಹೊಟ್ಟೆಯ ಕಡೆಗೆ ಓರೆಯಾಗಿ ಇಳಿದ ಗೆರೆಗಳಿರುತ್ತವೆ. ಆದರೆ ಕೊರವದ ಮರಿಗೆ ಬೆನ್ನಿನ ರೆಕ್ಕೆಯ ಹಿಂತುದಿಯಲ್ಲಿ ಒಂದು ಕಪ್ಪು ಕಣ್ಣು ಬರುವುದುಂಟು. ಅದು ರೆಕ್ಕೆಯ ಮೇಲಿನದ್ದು, ಬಾಲದ ಮೇಲಿನದ್ದಲ್ಲ. ಇಲ್ಲೇ ಬಹಳ ಜನ ಎಡವುವುದು.

ಬಣ್ಣದ ಮೇಲೆ ಪೂರ್ತಿ ಭಾರ ಹಾಕಬೇಡಿ. ಕಪ್ಪು ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟರೆ ಮೀನು ಕಪ್ಪಾಗುತ್ತದೆ, ಮುದಿ ಹೂವಿನ ಮುರ್ಲ್‌ನ ಬಾಲದ ಕಣ್ಣು ಮಾಸಿರಲೂಬಹುದು. ಅನುಮಾನ ಬಂದರೆ ಬೆನ್ನಿನ ರೆಕ್ಕೆ ಬಿಚ್ಚಿ ಬೆಳಕಿಗೆ ಹಿಡಿದು, ರೆಕ್ಕೆಯನ್ನು ಎತ್ತಿ ಹಿಡಿಯುವ ಕಡ್ಡಿಗಳನ್ನು ಎಣಿಸಿ. ಹೂವಿನ ಮುರ್ಲ್‌ಗೆ 45ರಿಂದ 55, ಕೊರವಕ್ಕೆ 37ರಿಂದ 46. ಎಣಿಕೆ 45-46ಕ್ಕೆ ಬಂದು ನಿಂತರೆ ಪಕ್ಕೆಗೆರೆಯ (ಮೀನಿನ ಮಗ್ಗುಲಲ್ಲಿ ಉದ್ದಕ್ಕೂ ಕಾಣುವ ಗೆರೆ) ಹುರುಪೆ ಎಣಿಸಿ: ಕಿವಿರು ಮುಚ್ಚಳದ ಹಿಂದಿನ ಮೊದಲ ಹುರುಪೆಯಿಂದ ಹಿಡಿದು, ಬಾಲ ಬಗ್ಗಿಸಿದಾಗ ಮಡಿಕೆ ಬೀಳುವ ಜಾಗದವರೆಗೆ. ಕೊರವಕ್ಕೆ 50ರಿಂದ 57, ಹೂವಿನ ಮುರ್ಲ್‌ಗೆ 60 ದಾಟುತ್ತದೆ.

ನೀವು ಮರಿ ಅಂದದ್ದು ಮರಿಯೇ ಆಗಿರಬೇಕಿಲ್ಲ. ಚನ್ನಾ ಗಚುವಾ ಎಂಬ ಕುಳ್ಳ ಜಾತಿ ಒಂದು ಗೇಣಿಗಿಂತ ಹೆಚ್ಚು ಬೆಳೆಯುವುದು ಅಪರೂಪ. ಬೆನ್ನಿನ ಮತ್ತು ಬಾಲದ ರೆಕ್ಕೆಗೆ ಕಿತ್ತಳೆ ಅಥವಾ ಬಿಳಿ ಅಂಚು, ಎದೆಯ ರೆಕ್ಕೆಯಲ್ಲಿ ಅರ್ಧಚಂದ್ರದಂಥ ಪಟ್ಟೆಗಳು ಇದ್ದರೆ ಅದೇ ಅದು. ಎಷ್ಟು ವರ್ಷ ಬಿಟ್ಟರೂ ಅಷ್ಟೇ! ಕೊರವದ ನಿಜವಾದ ಮರಿಗಳು ಕೆಂಪು-ಕಿತ್ತಳೆ ಉಂಡೆಯಂತೆ ಗುಂಪಾಗಿ ತೇಲುತ್ತವೆ, ತಾಯಿ-ತಂದೆ ಕೆಳಗೆ ಕಾವಲಿರುತ್ತವೆ. ಅಂಥ ಗುಂಪಿನ ಬಳಿ ಗಾಳ ಎಸೆದರೆ ಕಾವಲಿನ ಮೀನು ತಟ್ಟನೆ ಕಚ್ಚುತ್ತದೆ. ಅದನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಎಸೆಯದಿರುವುದೇ ಮರ್ಯಾದೆ.

ಪ್ರಶ್ನೆ: ಜಲಾಶಯದಲ್ಲಿ ಸಿಕ್ಕ ಮೀನನ್ನು ಅಂಗಡಿಯವರು ರೋಹು ಅಂದರು, ಹಳೆಯ ಬೆಸ್ತರೊಬ್ಬರು ಕೆಮ್ಮೀನು ಅಂದರು. ಯಾರ ಮಾತು ಸರಿ? (ವಿಜಯನಗರ ಜಿಲ್ಲೆ)

ಉತ್ತರ: ನೀವು ಕಳಿಸಿದ ಫೋಟೋದಲ್ಲಿ ಬೆಸ್ತರ ಮಾತೇ ಸರಿ. ಎರಡಕ್ಕೂ ಕೆಳಮುಖದ ಬಾಯಿ, ಜಾಲರಿಯಂಥ ತುಟಿ. ವ್ಯತ್ಯಾಸ ಬೆನ್ನಿನ ರೆಕ್ಕೆಯಲ್ಲಿದೆ. ರೋಹುವಿಗೆ ಕವಲೊಡೆದ ಕಡ್ಡಿ 12ರಿಂದ 14, ಕೆಮ್ಮೀನಿಗೆ 16ರಿಂದ 18. ಆದ್ದರಿಂದ ಕೆಮ್ಮೀನಿನ ರೆಕ್ಕೆಯ ಬುಡ ಉದ್ದ. ಎಣಿಸುವಾಗ ಮುಂದಿನ ಕವಲಿಲ್ಲದ ಮೂರು-ನಾಲ್ಕು ಕಡ್ಡಿ ಬಿಡಿ. ಕೊನೆಯಲ್ಲಿ ಒಂದೇ ಬುಡದಿಂದ ಎದ್ದ ಎರಡನ್ನು ಒಂದೆಂದೇ ಲೆಕ್ಕ ಹಾಕಿ. ಕೆಮ್ಮೀನು ಕೃಷ್ಣಾ, ಕಾವೇರಿಗಳ ಮೂಲನಿವಾಸಿ. ರೋಹು, ಕಾಟ್ಲಾ, ಮೃಗಾಲ್ ಮೂರೂ ಗಂಗೆಯ ಕಡೆಯಿಂದ ತಂದು ಬಿಟ್ಟವು. ಕಾಟ್ಲಾಕ್ಕೆ ದೊಡ್ಡ ತಲೆ, ಮೇಲ್ಮುಖದ ಬಾಯಿ, ಮೀಸೆಯೇ ಇಲ್ಲ. ಮೃಗಾಲ್‌ಗೆ ಮೊಂಡು ಮೂತಿ, ಜಾಲರಿಯಿಲ್ಲದ ತೆಳು ತುಟಿ. ಕಾಟ್ಲಾ-ರೋಹು ಬೆರಕೆಯೂ ಮೀನುಮರಿ ಕೇಂದ್ರಗಳಿಂದ ಬರುತ್ತದೆ. ತಲೆ ಕಾಟ್ಲಾದಂತೆ, ತುಟಿ ರೋಹುವಿನಂತೆ ಕಂಡರೆ ನಿಮ್ಮ ಕಣ್ಣನ್ನು ದೂರಬೇಡಿ.

ಪ್ರಶ್ನೆ: ಕಾವೇರಿಯ ಮಹಶೀರ್ (ದೊಡ್ಡ ಹುರುಪೆಯ ಹೊಳೆ ಮೀನು) ಎಂದರೆ ಕಿತ್ತಳೆ ರೆಕ್ಕೆಯದ್ದೋ, ನೀಲಿ ರೆಕ್ಕೆಯದ್ದೋ? (ಕೊಡಗು)

ಉತ್ತರ: ಎರಡೂ ಅಲ್ಲಿವೆ, ಆದರೆ ಎರಡು ಬೇರೆ ಜಾತಿ. ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಕಾವೇರಿ ಕೊಳ್ಳದ್ದೇ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ. ಮೀನು ಇದೇ ಬಗೆಯದು. ಅಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ: ಕೇರಳದ ಪಾಂಬಾರು ಹೊಳೆಯಿಂದ ಮೊದಲೇ ವರ್ಣಿಸಿದ್ದ ಟೋರ್ ರೆಮಾದೇವಿಯೇ ಇದು ಎಂದು ಗುರುತಿಸಿದರು. ಪಾಂಬಾರು ಅಮರಾವತಿಗೆ, ಅಮರಾವತಿ ಕಾವೇರಿಗೆ ಸೇರುವುದರಿಂದ ಲೆಕ್ಕ ಕೂಡುತ್ತದೆ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು. ನೀಲಿ ರೆಕ್ಕೆಯದ್ದು ಟೋರ್ ಖುದ್ರೀ, 1839ರಲ್ಲಿ ಪುಣೆಯ ಕಡೆಯ ಮುಳಾ-ಮುಠಾ ನದಿಯಿಂದ ವರ್ಣಿತವಾದದ್ದು. ಲೋಣಾವಳದಲ್ಲಿ ಬೆಳೆಸಿದ ಮರಿಗಳು 1970ರ ದಶಕದ ನಂತರ ಕಾವೇರಿಗೆ ಬಂದವು.

ಡುಬ್ಬವನ್ನೇ ನಂಬಿದರೆ ಮೋಸ. ಚೆನ್ನಾಗಿ ತಿಂದ ನೀಲಿ ಮಹಶೀರ್‌ಗೂ ಬೆನ್ನು ಉಬ್ಬುತ್ತದೆ, ಆದರೆ ಅದರ ಏರು ಬೆನ್ನಿನ ರೆಕ್ಕೆಯ ಬುಡದವರೆಗೆ ಮೆಲ್ಲಗೆ ಹೋಗುತ್ತದೆ. ಕಿತ್ತಳೆಯದರ ಡುಬ್ಬ ತಲೆಯ ಹಿಂದೆ, ಕಿವಿರು ಮುಚ್ಚಳದ ಮುಂದಿನ ಅಂಚಿನ ನೇರಕ್ಕೇ ಏಳುತ್ತದೆ. ಚಿಕ್ಕ ಮೀನಿನಲ್ಲಿ ಡುಬ್ಬ ಇಲ್ಲವೇ ಇಲ್ಲ. ಅಲ್ಲಿ ಬಾಲದ ರೆಕ್ಕೆ ನೋಡಿ, ಕಿತ್ತಳೆಯ ತುದಿಗೆ ಕಪ್ಪು ಬಳಿದಂತಿರುತ್ತದೆ. ತುಟಿಯ ದಪ್ಪದಿಂದ ಜಾತಿ ಹೇಳಲು ಹೋಗಬೇಡಿ, ಒಂದೇ ಜಾತಿಯಲ್ಲೂ ದಪ್ಪ-ತೆಳು ಎರಡೂ ಸಿಗುತ್ತವೆ.

ಪ್ರಶ್ನೆ: ಹುಲ್ಲುಗೆಂಡೆಯನ್ನು (ಗ್ರಾಸ್ ಕಾರ್ಪ್) ಮಹಶೀರ್ ಅಂತ ಮಾರಿದರೆ ಪತ್ತೆ ಹೇಗೆ?

ಉತ್ತರ: ಬಾಯಿ ನೋಡಿ. ಮಹಶೀರ್‌ಗೆ ಎರಡು ಜೊತೆ ಮೀಸೆ, ಹುಲ್ಲುಗೆಂಡೆಗೆ ಒಂದೂ ಇಲ್ಲ. ಪಕ್ಕೆಗೆರೆಯಲ್ಲಿ ಮಹಶೀರ್‌ನ ಹುರುಪೆ ಮೂವತ್ತರ ಒಳಹೊರಗೆ, ಹುಲ್ಲುಗೆಂಡೆಯದು ನಲವತ್ತರ ಆಸುಪಾಸು.

ಪ್ರಶ್ನೆ: ಗುರುತಿಗಾಗಿ ಫೋಟೋ ಕಳಿಸುವಾಗ ಏನು ನೋಡಿಕೊಳ್ಳಬೇಕು?

ಉತ್ತರ: ಕೈ ಒದ್ದೆ ಮಾಡಿಕೊಂಡು, ಮೀನನ್ನು ಅಡ್ಡವಾಗಿ, ನೀರಿನ ಮಟ್ಟದಲ್ಲೇ ಹಿಡಿಯಿರಿ. ಕಿವಿರಿಗೆ ಬೆರಳು ಹಾಕಿ ನೇತುಹಾಕಬೇಡಿ. ಎಡಮಗ್ಗುಲಿನ ಪೂರ್ತಿ ಚಿತ್ರ, ಬಿಚ್ಚಿದ ಬೆನ್ನಿನ ರೆಕ್ಕೆ, ಬಾಯಿಯ ಕೆಳಭಾಗ: ಮೂರು ಸಾಕು. ಮುಖದ ಪಕ್ಕ ಎತ್ತಿ ಹಿಡಿದ ಸೆಲ್ಫಿಯಿಂದ ನಿಮ್ಮ ಗುರುತು ಸಿಗುತ್ತದೆ, ಮೀನಿನದ್ದಲ್ಲ.