ಕವನದಲ್ಲಿ ಕೂಗಿದ ರೈಲು

(ನನ್ನಲ್ಲಿ ಸಲಹೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಉಡುಪಿ ಕಡೆಯ ನಿವೃತ್ತ ಪ್ರೈಮರಿ ಟೀಚರ್. ವಯಸ್ಸು ಅರವತ್ತು ದಾಟಿದೆ. ರಾತ್ರಿ ಊಟ ಮುಗಿಸಿ ಕವನ ಬರೆಯಲು ಕೂರುತ್ತಾರೆ, ಆಮೇಲೆ ನಿದ್ದೆ ಬರುವುದಿಲ್ಲ. ಸಾಲದ್ದಕ್ಕೆ ಇವರ ತಮ್ಮ ಇವರ ಜೊತೆ ಮಾತು ಬಿಟ್ಟಿದ್ದಾರೆ. ಭಜನಾ ಮಂಡಳಿಯ ವಾರ್ಷಿಕೋತ್ಸವದ ಕವಿಗೋಷ್ಠಿಯಲ್ಲಿ ಇವರು ಅಪ್ಪಯ್ಯನ ಬಗ್ಗೆ ಒಂದು ಕವನ ಓದಿದ್ದರಂತೆ. ‘ಮನೆ ಮರ್ಯಾದೆ ಮೈಕಲ್ಲಿ ತೆಗೆದೆಯಲ್ಲ ಅಕ್ಕ’ ಅಂದವರು ಮತ್ತೆ ಫೋನ್ ಎತ್ತಿಲ್ಲ.

‘ಬರೆಯೋದೇ ಬಿಟ್ಟುಬಿಡ್ಲಾ ಮೇಡಂ?’ ಎಂದು ಕೇಳಿದರು.

ನೋಟ್‌ಬುಕ್ ತಂದಿದ್ದರು. ಪುಟ ತಿರುಗಿಸಿದರೆ ಕಣ್ಣೀರ ಕಡಲು, ಒಡೆದ ಹೃದಯ, ಮತ್ತೆ ಕಣ್ಣೀರು. ಪ್ರಾಸ ಚೆನ್ನಾಗಿ ಕೂತಿತ್ತು. ಕವನಕ್ಕೆ ಮಾರ್ಕ್ಸ್ ಕೊಡುವುದು ನನ್ನ ಕೆಲಸ ಅಲ್ಲ. ಆದರೆ ಯಾರು ಹೋದರು, ಏನಾಯಿತು ಎಂಬುದೇ ಇರಲಿಲ್ಲ. ಘಟನೆ ಇದ್ದದ್ದು ಒಂದೇ ಕವನದಲ್ಲಿ, ತಮ್ಮನಿಗೆ ಸಿಟ್ಟು ಬಂದ ಆ ಕವನದಲ್ಲಿ.

ಕವನ ಪಕ್ಕಕ್ಕಿಡಿ, ಅದರಲ್ಲಿರುವ ದಿನ ನಿಜಕ್ಕೂ ಏನಾಯ್ತು ಅಂತ ಸುಮ್ನೆ ಹೇಳಿ ಅಂದೆ. ಏಳನೇ ಕ್ಲಾಸ್ ಮುಗಿಸಿದ ಅಣ್ಣನನ್ನು ಅಪ್ಪಯ್ಯ ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಕಳಿಸಿದರು. ಆಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತಿತ್ತು. ಅಣ್ಣನ ಖಾಕಿ ಚಡ್ಡಿಗೆ ಗುಂಡಿ ಇರಲಿಲ್ಲ. ಅಮ್ಮ ತನ್ನ ಬಳೆಯಿಂದ ಸೇಫ್ಟಿ ಪಿನ್ ಬಿಚ್ಚಿ ಹಾಕಿದರು. ಅಣ್ಣ ಉಳಿದ ಬಳಪದ ತುಂಡುಗಳನ್ನು ತಂಗಿಯ ಕೈಯಲ್ಲಿಟ್ಟು ‘ನೀನು ಬರಿ’ ಅಂದ. ಮೂವತ್ತು ದಾಟುವ ಮೊದಲೇ ಅಲ್ಲೇ ತೀರಿಕೊಂಡ. ಇಷ್ಟು ಹೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾನು ಟೀಚರ್ ಆದದ್ದು ಅವನ ಮನಿಯಾರ್ಡರಲ್ಲಿ’ ಅಂದರು. ನೋಟ್‌ಬುಕ್ಕಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಅವರಿಗೆ ಹೇಳಿದೆ. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವನ್ನು ಬರೆದರು. ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ಕೂಡಲೇ ಮಾತ್ರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಲಾಭ ಅಷ್ಟೇನೂ ದೊಡ್ಡದಾಗಿ ಕಂಡಿಲ್ಲ, ಹಾಗಾಗಿ ಇದನ್ನು ಔಷಧಿ ಅನ್ನಲಾರೆ. ಆದರೆ ಮಲಗುವ ಹೊತ್ತಿಗೆ ಬರೆದರೆ ನಿದ್ದೆ ಯಾಕೆ ಹಾರುತ್ತದೆ ಅನ್ನೋದು ಅರ್ಥವಾಗುತ್ತದೆ, ಅಲ್ವಾ?

ಇನ್ನು ತಮ್ಮನ ವಿಷಯ. ಕವನದಲ್ಲಿ ಅಣ್ಣ ಉಡುಪಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಾನೆ, ರೈಲು ಕೂಗುತ್ತದೆ, ಅಪ್ಪಯ್ಯ ತಿರುಗಿಯೂ ನೋಡುವುದಿಲ್ಲ. ‘ಆಗ ಉಡುಪಿಗೆ ರೈಲೆಲ್ಲಿತ್ತು? ಅಪ್ಪಯ್ಯನ ಬಗ್ಗೆ ಬರೆದದ್ದೂ ಹೀಗೇ ಸುಳ್ಳು’ ಎಂಬುದು ತಮ್ಮನ ವಾದ. ರೈಲಿನ ಮಟ್ಟಿಗೆ ಅವರು ಹೇಳಿದ್ದು ಸರಿ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದೇ 1998ರಲ್ಲಿ. ಎಪ್ಪತ್ತರ ದಶಕದ ಹುಡುಗ ಹೋದದ್ದು ಬಸ್ಸಿನಲ್ಲಿ. ಇದನ್ನು ಕೇಳಿ ಟೀಚರಿಗೆ ತನ್ನ ತಲೆಯ ಮೇಲೇ ಅನುಮಾನ ಬಂದಿತ್ತು.

ಅನುಮಾನ ಬೇಕಿಲ್ಲ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ನೆನೆಯುವಾಗೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು. ಇಂದ್ರಾಳಿಯಲ್ಲಿರುವ ಈಗಿನ ಉಡುಪಿ ಸ್ಟೇಷನ್ನಿಗೆ ನೀವು ಯಾರನ್ನಾದರೂ ಬಿಡಲು ಹೋಗಿದ್ದಿರಾ ಎಂದು ಕೇಳಿದೆ. ಮಗ ಮುಂಬೈಗೆ ಕೆಲಸಕ್ಕೆ ಹೊರಟಾಗ ಹೋಗಿದ್ದರು. ಕವನ ಶುರುವಾದದ್ದೂ ಆ ವರ್ಷವೇ. ಎರಡು ಬೀಳ್ಕೊಡುಗೆ ಒಂದಾಗಿರಬಹುದು. ಖಚಿತವಾಗಿ ಹೇಳಲು ಯಾರಿಗೂ ಆಗದು. ರೈಲು ತಪ್ಪು ಅಂತ ಅಣ್ಣನ ಮೇಲಿನ ಸಂಕಟ ಸುಳ್ಳಾಗುವುದಿಲ್ಲ. ಹಾಗಂತ ಸಂಕಟ ನಿಜ ಅಂತ ಅಪ್ಪಯ್ಯನ ಮೇಲಿನ ಆರೋಪ ತಾನಾಗಿ ನಿಜವಾಗುವುದೂ ಇಲ್ಲ. ಇದನ್ನು ಅವರು ಒಪ್ಪಲು ಸಮಯ ಹಿಡಿಯಿತು.

ನಾನು ಹೇಳಿದ್ದು: ಬರೆಯುವುದು ಬಿಡಬೇಡಿ. ಬೆಳಿಗ್ಗೆ ಬರೆಯಿರಿ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಎದ್ದು ಗಿಡಕ್ಕೆ ನೀರು ಹಾಕಿ. ಮೊದಲು ನಡೆದದ್ದನ್ನು ಗದ್ಯದಲ್ಲಿ ಬರೆಯಿರಿ, ಕವನ ಆಮೇಲೆ. ನಿಮಗಾಗಿ ಬರೆಯುವ ಪುಸ್ತಕ ಬೇರೆ ಇರಲಿ, ಅದರಲ್ಲಿ ಅಪ್ಪಯ್ಯನನ್ನು ಬೈಯಲು ಯಾರ ಅಪ್ಪಣೆಯೂ ಬೇಡ. ವೇದಿಕೆಯಲ್ಲಿ ಓದುವ ಮೊದಲು ಮಾತ್ರ ತಮ್ಮನಿಗೆ ತೋರಿಸಿ. ಒಪ್ಪಿಗೆ ಕೇಳಬೇಕು ಅಂತಲ್ಲ. ಅವರೂ ಅದೇ ಮನೆಯಲ್ಲಿ ಬೆಳೆದವರು, ನಾಲ್ಕು ಜನರ ನಡುವೆ ಮೊದಲ ಸಲ ಕೇಳಿಸಿಕೊಳ್ಳುವಂತಾಗಬಾರದು. ಬರೆದ ಮೇಲೆ ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನಿಸಿದರೆ ಕಾಯದೆ ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಕೂಡ ಇದೆ.

ಈಗ ನಿದ್ದೆ ಪರವಾಗಿಲ್ಲ. ಸೇಫ್ಟಿ ಪಿನ್ ಬಗ್ಗೆ ಬರೆದ ಕವನವನ್ನು ತಮ್ಮನಿಗೆ ವಾಟ್ಸಾಪ್ ಮಾಡಿದ್ದರು. ಆ ಪಿನ್ ಅವರಿಗೂ ನೆನಪಿತ್ತಂತೆ. ಅಪ್ಪಯ್ಯನ ವಿಷಯದಲ್ಲಿ ಇಬ್ಬರಿಗೂ ಇನ್ನೂ ಸರಿ ಬಂದಿಲ್ಲ.